ಕೆಂಪಕ್ಷರದಲ್ಲಿ ಏಳೂವರೆ ಸಾವಿರ

ನಮ್ಮ ರೂಮಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಊರಿನ ಹೆಸರೇ ಹೆಸರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ. ‘ಲೇ ಕೊಟ್ಟೂರು, ಬಕೆಟ್ ಎಲ್ಲಿಟ್ಟಿ?’ ಅಂತ ಬೆಳಿಗ್ಗೆ ಕೂಗಿದರೆ ಪಕ್ಕದ ಮನೆಯವರಿಗೆ ಇದೇನೋ ಬಸ್ ಸ್ಟ್ಯಾಂಡ್ ಅನ್ನಿಸಬೇಕು. ಹಗರಿಬೊಮ್ಮನಹಳ್ಳಿ ಒಂದು ಕಡಿಮೆ ಇತ್ತು, ಅದೂ ಆಮೇಲೆ ಬಂತು. ಬಂದ ಕಥೆ ಮಾತ್ರ ಅಷ್ಟು ಚೆನ್ನಾಗಿಲ್ಲ, ಅದನ್ನೇ ಬರೀತಿದ್ದೀವಿ.

ನಾಲ್ಕೂ ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಹತ್ತನೇ ಕ್ಲಾಸಿನ ‘ಪ್ರವಾಸಕ್ಕೆ ಹೋಗಲು ಅನುಮತಿ ಕೋರಿ ಪತ್ರ’ ಆದಮೇಲೆ ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಕ್ಲಬ್‌ನ ಸೀನಿಯರ್‌ಗಳು ತಿದ್ದಿರುತ್ತಾರೆ. ಬರೆಯೋಕೆ ಮುಂಚೆ ಕೂಡ್ಲಿಗಿಯನ್ನ ಕೇಳಿದ್ದೀವಿ. ‘ಹೆಸರು ಬ್ಯಾಡ, ಊರು ಇರಲಿ’ ಅಂದ. ಹಾಗಾಗಿ ಊರಷ್ಟೇ.

2024ರ ಅಕ್ಟೋಬರ್‌ನಲ್ಲಿ ದಾವಣಗೆರೆಗೆ ಬಂದಾಗ ಮೊದಲು ಹಾಸ್ಟೆಲ್ ಲಿಸ್ಟ್ ನೋಡಿದೆವು. ನಾಲ್ಕೂ ಊರಿನ ಹೆಸರು ಅದರಲ್ಲಿ ಇರಲಿಲ್ಲ. ಪಿಜಿ ಕೇಳಿದರೆ ಊಟ ಸೇರಿಸಿ 5,500. ಕೊನೆಗೆ ಕಾಲೇಜಿನ ಹಿಂದಿನ ರೋಡಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಒಂದು ರೂಮು, ಒಂದು ಅಡುಗೆಮನೆ, ಹೊರಗೆ ಬಚ್ಚಲು. ಕೆಳಗೆ ಓನರ್ ಅಜ್ಜಿ. ಬಾಡಿಗೆ 6,000, ಅಡ್ವಾನ್ಸ್ 30,000. ನಾಲ್ಕು ಭಾಗ ಮಾಡಿದರೆ ತಲೆಗೆ 1,500 ಬಾಡಿಗೆ, 7,500 ಅಡ್ವಾನ್ಸ್. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮನೆ ಬದಲಾಯಿಸೋದು ನಮಗೆ ಹೊಸದು. ಆದರೆ ಹರಪನಹಳ್ಳಿಗೆ ಏನೂ ಅನ್ನಿಸಲಿಲ್ಲವಂತೆ. ಅವನ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಹೋಯ್ತು, ಆಮೇಲೆ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ‘ನಮ್ಮ ತಾಲ್ಲೂಕಿನಷ್ಟು ಮನಿ ಬದಲಾಯಿಸಿದ ಬಾಡಿಗಿದಾರ ಯಾರೂ ಇಲ್ಲ’ ಅಂತಾನೆ.

ಅಗ್ರಿಮೆಂಟ್ ಕೇಳಿದಾಗ ಅಜ್ಜಿ ನಕ್ಕುಬಿಟ್ಟರು. ‘ಮೊಮ್ಮಕ್ಕಳಿಗೆ ಎಂಥಾ ಅಗ್ರಿಮೆಂಟಪ್ಪಾ?’ ನಮಗೂ ಸಲೀಸು ಅನ್ನಿಸಿತು. ಅದರ ಬೆಲೆ ಕರೆಂಟ್ ಬಿಲ್ ಬಂದಾಗ ಗೊತ್ತಾಯ್ತು. ಗೃಹಜ್ಯೋತಿ 2023ರ ಜುಲೈನಿಂದ ಬಾಡಿಗೆ ಮನೆಯವರಿಗೂ ಇದೆ. ಆದರೆ ನೀವು ಆ ಮನೆಯಲ್ಲಿ ಬಾಡಿಗೆಗಿದ್ದೀರಿ ಅನ್ನೋಕೆ ಒಂದು ಕಾಗದ ಬೇಕು. ನಮ್ಮ ಹತ್ತಿರ ಅಜ್ಜಿಯ ನಗು ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ. (ಅಗ್ರಿಮೆಂಟ್ ಯಾವಾಗಲೂ 11 ತಿಂಗಳಿಗೇ ಯಾಕೆ ಅಂತ ನಮಗೂ ಗೊತ್ತಿರಲಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರಾದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಅದನ್ನ ತಪ್ಪಿಸೋಕೆ ಇಡೀ ದೇಶ ಹನ್ನೊಂದು ತಿಂಗಳಿಗೆ ಬಂದು ನಿಂತಿದೆ.)

ಲೆಕ್ಕಕ್ಕೆ ಫೋನಲ್ಲಿ ಒಂದು ಆ್ಯಪ್ ಹಾಕಿಕೊಂಡೆವು. ನಾವು ಇಂಜಿನಿಯರಿಂಗ್ ಹುಡುಗರು, ನೋಟ್‌ಬುಕ್ಕಲ್ಲಿ ಬರೆದರೆ ಮರ್ಯಾದೆ ಏನಾಗಬೇಕು. ಹಾಲು, ಗ್ಯಾಸ್, ಅಕ್ಕಿ, ಬಾಡಿಗೆ ಎಲ್ಲಾ ಅದರಲ್ಲಿ. ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಅದೇ ಹೇಳುತ್ತೆ. ಕೊಡಬೇಕಾದವನ ಹೆಸರ ಮುಂದೆ ಕೆಂಪಕ್ಷರ, ಬರಬೇಕಾದವನ ಮುಂದೆ ಹಸಿರು. ‘ರಿಮೈಂಡ್’ ಅಂತ ಒಂದು ಬಟನ್ ಇದೆ. ಒತ್ತಿದರೆ ಎದುರಿನವನ ಫೋನಿಗೆ ನೋಟಿಫಿಕೇಶನ್ ಹೋಗುತ್ತೆ. ಎದುರಿನವನು ಪಕ್ಕದ ಚಾಪೆ ಮೇಲೆ ಮಲಗಿದ್ದರೂ ಹೋಗುತ್ತೆ.

ಡಿಸೆಂಬರ್‌ನಲ್ಲಿ ಕೂಡ್ಲಿಗಿ ತನ್ನ 1,500 ಕೊಡಲಿಲ್ಲ. ‘ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ’ ಅಂದ. ನಾವು ಮೂವರು ತಲಾ 2,000 ಹಾಕಿ ಅಜ್ಜಿಗೆ ಕೊಟ್ಟೆವು. ಅಜ್ಜಿಗೆ ಇದು ಗೊತ್ತೇ ಇಲ್ಲ. ಐದನೇ ತಾರೀಕಿಗೆ ಆರು ಸಾವಿರ ಕೈಗೆ ಬಂದರೆ ಅವರ ಪಾಲಿಗೆ ನಾಲ್ಕು ಮೊಮ್ಮಕ್ಕಳೂ ಒಳ್ಳೆಯವರೇ. ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್. ಐದು ತಿಂಗಳು ಹೀಗೇ ಆಯ್ತು.

ನಾವೇನೂ ಜಗಳ ಮಾಡಲಿಲ್ಲ. ಅದನ್ನ ಒತ್ತಿ ಹೇಳಬೇಕು ಅನ್ನಿಸುತ್ತೆ, ಯಾಕಂದರೆ ನಮ್ಮ ತಲೆಯಲ್ಲಿ ನಾವು ಒಳ್ಳೆಯ ಫ್ರೆಂಡ್ಸ್ ಆಗೇ ಇದ್ದೆವು. ಬಾಯಿಬಿಟ್ಟು ಒಂದು ಸಲವೂ ದುಡ್ಡು ಕೇಳಲಿಲ್ಲ. ಆದರೆ ಆ ಬಟನ್ ಒತ್ತಿದೆವು. ಕೊಟ್ಟೂರು ಫೆಬ್ರವರಿಯಲ್ಲಿ ಒಂದು ಸಲ. ಹಡಗಲಿ ಎರಡು ಸಲ, ಒಂದು ತಪ್ಪಿ ಒತ್ತಿದ್ದು ಅಂತಾನೆ. ಹರಪನಹಳ್ಳಿ ಎಷ್ಟು ಸಲ ಅಂತ ಹೇಳಲ್ಲ. ಬಾಯಲ್ಲಿ ಕೇಳಿದ್ದರೆ ಅವನು ಏನಾದರೂ ಹೇಳುತ್ತಿದ್ದ, ನಾವು ಬೈಯುತ್ತಿದ್ದೆವು, ಮುಗಿಯುತ್ತಿತ್ತು. ನೋಟಿಫಿಕೇಶನ್‌ಗೆ ಯಾರು ಏನು ಉತ್ತರ ಕೊಡಬೇಕು?

ಮಾರ್ಚ್ ಕೊನೆಗೆ ಅವನು ‘ಇಲ್ಲೇ ನಮ್ಮ ಸಂಬಂಧಿಕರ ಮನಿ ಐತಿ, ರಾತ್ರಿ ಅಲ್ಲೇ ಮಲಗ್ತೀನಿ, ಅಲ್ಲಿ ಊಟಾನೂ ಆಕ್ಕೈತಿ’ ಅಂದ. ಒಳ್ಳೆಯದಾಯ್ತು ಅಂದುಕೊಂಡೆವು. ಬಟ್ಟೆ, ಬುಕ್ಸು ಇಲ್ಲೇ ಇತ್ತು, ಹಗಲು ಬಂದು ಹೋಗುತ್ತಿದ್ದ. ಏಪ್ರಿಲ್ 30ಕ್ಕೆ ನಮ್ಮದೇ ಬ್ಯಾಚಿನ ಒಬ್ಬನನ್ನ ಕರೆದುಕೊಂಡು ಬಂದ. ಹಗರಿಬೊಮ್ಮನಹಳ್ಳಿಯವನು, ಪಿಜಿ ದುಬಾರಿ ಆಯ್ತು ಅಂತ ರೂಮು ಹುಡುಕುತ್ತಿದ್ದ. ‘ನನ್ನ ಜಾಗಕ್ಕೆ ಇವನಿರ್ತಾನ. ಅಡ್ವಾನ್ಸ್ 7,500 ಇವನು ಕೊಡ್ತಾನ, ಅದು ನನಗೆ ಬರಬೇಕಾದ್ದು. ನೀವೇ ಇಟ್ಕೊಳ್ಳಿ. ಲೆಕ್ಕ ಚುಕ್ತಾ.’

ಐದು ತಿಂಗಳ ಬಾಡಿಗೆ ಐದು ಸಲ 1,500, ಅಂದರೆ 7,500. ಅಡ್ವಾನ್ಸೂ 7,500. ಅವನು ಎಷ್ಟು ದಿನದಿಂದ ಈ ಲೆಕ್ಕ ಹಾಕುತ್ತಿದ್ದನೋ. ಇನ್ನೊಂದು ತಿಂಗಳು ಇದ್ದಿದ್ದರೆ ಲೆಕ್ಕ ಸರಿಹೋಗುತ್ತಿರಲಿಲ್ಲ, ಸರಿಯಾಗಿ ಆ ದಿನಕ್ಕೇ ಬಂದ.

ದುಡ್ಡು ಬಂತು. ಆ್ಯಪಲ್ಲಿ ಕೆಂಪಕ್ಷರ ಹೋಯ್ತು. ಆಗ ನಮಗೆ ಅನ್ನಿಸಿದ್ದು ಸಮಾಧಾನ. ಬರೀತಾ ಕೂತಾಗ ಇದನ್ನ ಬಿಟ್ಟುಬಿಡೋಣ ಅಂತ ಮೂವರಿಗೂ ಅನ್ನಿಸಿತ್ತು. ಆದರೆ ಬಿಟ್ಟರೆ ಉಳಿದದ್ದೆಲ್ಲಾ ಸುಳ್ಳಾಗುತ್ತೆ. ತಲಾ 2,500 ವಾಪಸ್ ಬಂದದ್ದಕ್ಕೆ ಆ ಸಂಜೆ ಬೆಣ್ಣೆ ದೋಸೆ ತಿಂದು ಬಂದೆವು. ಹಗರಿಬೊಮ್ಮನಹಳ್ಳಿಗೂ ಕೊಡಿಸಿದೆವು.

ಮೇ ತಿಂಗಳ ನಡುವೆ ಒಂದು ದಿನ ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಹೊರಟಿದ್ದೆವು. ನಮ್ಮ ರೋಡಿನ ಕೊನೆಗೆ ಒಂದು ಬಿಲ್ಡಿಂಗ್ ಏಳುತ್ತಿತ್ತು. ಎರಡನೇ ಮಹಡಿ ಮೇಲೆ ಒಬ್ಬ ಪೈಪ್ ಹಿಡಿದು ಗೋಣಿಚೀಲ ಸುತ್ತಿದ ಕಾಲಮ್ಮುಗಳಿಗೆ ನೀರು ಹೊಡೆಯುತ್ತಿದ್ದ. ಲುಂಗಿ ಮೇಲೆ ನಮ್ಮ ಕಾಲೇಜು ಫೆಸ್ಟಿನ ಟೀ ಶರ್ಟು. ನಾವು ಕೆಳಗೆ ನಿಂತೆವು, ಅವನೂ ನೋಡಿದ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಮೇಲಿಂದ ಕೂಗಿದ: ‘ಏನ್ರಲೇ ನೋಡ್ತೀರಿ, ಇಲ್ಲಿ ಲ್ಯಾಬ್ ನಡದೈತಿ! ಕ್ಯೂರಿಂಗು, ಏಳು ದಿನ, ಐಎಸ್ 456!’

ನಮ್ಮಲ್ಲಿ ಅವನೊಬ್ಬನೇ ಸಿವಿಲ್.

ಸಂಬಂಧಿಕರ ಮನೆ ಅನ್ನೋದು ಸೈಟಿನ ತಗಡಿನ ಶೆಡ್ಡು. ಅವನ ಊರಿನ ಕಡೆಯ ಮೇಸ್ತ್ರಿಯೊಬ್ಬರು ಅಲ್ಲಿ ಕೆಲಸ ಹಿಡಿದಿದ್ದರು. ರಾತ್ರಿ ಸಿಮೆಂಟು, ಕಬ್ಬಿಣ ಕಾಯೋದು, ಬೆಳಿಗ್ಗೆ ಸಂಜೆ ನೀರು ಹೊಡೆಯೋದು. ಅದಕ್ಕೆ ಮಲಗೋಕೆ ಜಾಗ ಮತ್ತೆ ತಿಂಗಳಿಗೆ 3,000. ‘ಎಲ್ಲರೂ ಬಾಡಿಗಿ ಕೊಟ್ಟು ಮಲಗಿದ್ರ, ನನಗ ಮಲಗಿದ್ದಕ್ಕೇ ಸಂಬಳ’ ಅಂತ ಅವನ ಜೋಕು. ಶೆಡ್ಡಿನೊಳಗೆ ಸಿಮೆಂಟ್ ಚೀಲ ಎರಡು ಸಾಲು, ನಡುವೆ ಚಾಪೆ, ಹೊಗೆ ಹಿಡಿದ ಒಂದು ಬಲ್ಬು, ಮ್ಯಾಥ್ಸ್ ಬುಕ್ಕು. ಆ ಬಿಲ್ಡಿಂಗ್ ಏನಾಗುತ್ತೆ ಅಂತ ಕೇಳಿದೆವು. ಹುಡುಗರ ಪಿಜಿ.

ನಾವು ಸಮಾಧಾನಕ್ಕೆ ಅಂತ ವಿಶ್ವೇಶ್ವರಯ್ಯನವರ ಹೆಸರು ತೆಗೆದೆವು. ಸೆಪ್ಟೆಂಬರ್ 15ಕ್ಕೆ ಕಾಲೇಜಲ್ಲಿ ಎಲ್ಲರೂ ಬೀದಿ ದೀಪದ ಕಥೆ ಹೇಳುತ್ತಾರಲ್ಲ. ಆದರೆ ಅವರು ಬೆಂಗಳೂರಲ್ಲಿ ಓದುವಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದದ್ದು ಬೀದಿ ದೀಪಕ್ಕಿಂತ ನಮಗೆ ಹತ್ತಿರದ ವಿಷಯ. 1881ರಲ್ಲಿ ಸೆಂಟ್ರಲ್ ಕಾಲೇಜಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಕೂಡ್ಲಿಗಿ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದ: ‘ಅವರಿಗೆ ಸ್ಕಾಲರ್‌ಶಿಪ್ ಬಂತು ನೋಡು.’

ಅಲ್ಲಿಗೆ ಮಾತು ವಿದ್ಯಾಸಿರಿಗೆ ಬಂತು.

ಗೊತ್ತಿಲ್ಲದವರಿಗೆ: ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರಿ ಹಾಸ್ಟೆಲಲ್ಲಿ ಸೀಟು ಸಿಗದಿದ್ದರೆ, ಹೊರಗೆ ಇರೋಕೆ ಮತ್ತೆ ಊಟಕ್ಕೆ ಸರ್ಕಾರ ಕೊಡೋ ಸಹಾಯ ಅದು. 2013-14ರಲ್ಲಿ ಶುರುವಾಯ್ತು. ನಾವು ಕಾಲೇಜು ಸೇರಿದ ವರ್ಷ ಅದು ತಿಂಗಳಿಗೆ 1,500 ಲೆಕ್ಕದಲ್ಲಿ ವರ್ಷಕ್ಕೆ ಹತ್ತು ತಿಂಗಳು, ಒಟ್ಟು 15,000 ಇತ್ತು. ಮನೆಯ ವರಮಾನ ಮಿತಿಯೊಳಗಿರಬೇಕು. ಅರ್ಜಿ ಎಸ್‌ಎಸ್‌ಪಿ ಪೋರ್ಟಲಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿ. ದುಡ್ಡು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಕರ್ನಾಟಕದಲ್ಲಿ ಬಾಡಿಗೆ ಕಟ್ಟೋಕೆ ಒದ್ದಾಡುವವರಿಗೆ ಅಂತಲೇ ಸರ್ಕಾರದಿಂದ ಬರೋ ಹಣ ಅಂದರೆ, ನಮ್ಮ ವಯಸ್ಸಿನವರಿಗೆ ತಿಳಿದಿರೋದು ಇದೇ.

ಕೂಡ್ಲಿಗಿಯ ಬಾಡಿಗೆ ಪಾಲೂ ತಿಂಗಳಿಗೆ 1,500. ಯಾರೋ ಅವನ ಅಳತೆ ತಗೊಂಡು ಹೊಲಿದ ಹಾಗಿದೆ. ಆದರೆ ಅದು ರೂಪಾಯಿ ಲೆಕ್ಕಕ್ಕೆ ಸರಿ, ಕ್ಯಾಲೆಂಡರ್ ಲೆಕ್ಕಕ್ಕಲ್ಲ. ಬಾಡಿಗೆ ಹನ್ನೆರಡು ತಿಂಗಳು ಕಟ್ಟಬೇಕು, ಇದು ಹತ್ತಕ್ಕೆ. ರಜೆಗೆ ಊರಿಗೆ ಹೋಗುತ್ತೀವಿ ಅಂತ ಯಾವ ಓನರೂ ಎರಡು ತಿಂಗಳು ಬಿಡಲ್ಲ. ಬಾಡಿಗೆ ಐದನೇ ತಾರೀಕಿಗೆ ಬೇಕು, ಇದು ತಿಂಗಳ ಲೆಕ್ಕದಲ್ಲಿ ಬರಲ್ಲ, ಒಟ್ಟಿಗೆ ಬರುತ್ತೆ, ಬಂದಾಗ ಬರುತ್ತೆ. ಇನ್ನೊಂದು, ಹೇಳಬೇಕೋ ಬೇಡವೋ: 1,500 ಅಂತ ನಿಗದಿ ಮಾಡಿದಾಗ ನಾವು ಎರಡನೇ ಕ್ಲಾಸಲ್ಲಿದ್ದೆವು. ಅದರಲ್ಲಿ ಬಾಡಿಗೆ ಮತ್ತು ಊಟ ಎರಡೂ ಆಗಬೇಕು ಅನ್ನೋದು ಯೋಜನೆಯ ಲೆಕ್ಕ. ನಾಲ್ಕು ಜನ ಒಂದು ರೂಮಲ್ಲಿ ಚಾಪೆ ಹಾಸಿ ಮಲಗಿದರೂ ಬಾಡಿಗೆ ಒಂದೇ ಆ 1,500 ತಿಂದುಬಿಡುತ್ತೆ, ಊಟ ಹೊರಗೇ ಉಳಿಯುತ್ತೆ.

ಅವನು ಅರ್ಜಿ ಹಾಕಿದ್ದ. ಅಕ್ಟೋಬರಲ್ಲಿ ನಾವು ಅಡ್ವಾನ್ಸ್ ಕೊಡೋವಾಗ ಅವನು ಒಪ್ಪಿದ್ದೇ ‘ಸ್ಕಾಲರ್‌ಶಿಪ್ ಬರ್ತೈತಿ’ ಅನ್ನೋ ಧೈರ್ಯದ ಮೇಲೆ. ಸೈಟಲ್ಲಿ ಕೂತು ಪೋರ್ಟಲ್ ತೆಗೆದು ನೋಡಿದೆವು. ಅರ್ಜಿ ಮಂಜೂರಾಗಿತ್ತು, ದುಡ್ಡು ಹೋಗಿರಲಿಲ್ಲ. ಅರ್ಧ ಗಂಟೆ ಅಲ್ಲಿ ಇಲ್ಲಿ ಒತ್ತಿ ಹುಡುಕಿದಮೇಲೆ ಗೊತ್ತಾಯ್ತು. ಅವನ ಆಧಾರ್ ಈಗಿನ ಖಾತೆಗೆ ಜೋಡಣೆ ಆಗಿಲ್ಲ. ಎಂಟನೇ ಕ್ಲಾಸಲ್ಲಿ ಯಾವುದೋ ಸ್ಕಾಲರ್‌ಶಿಪ್ಪಿಗೆ ಅಂತ ಊರಲ್ಲಿ ತೆಗೆಸಿದ್ದ ಒಂದು ಹಳೇ ಖಾತೆಗೆ ಅಂಟಿಕೊಂಡಿದೆ. ಆ ಖಾತೆ ವರ್ಷಗಟ್ಟಲೆ ಮುಟ್ಟದೇ ಮಲಗಿಬಿಟ್ಟಿದೆ. ಮನುಷ್ಯ ದಾವಣಗೆರೆಯಲ್ಲಿ, ಆಧಾರ್ ಎಂಟನೇ ಕ್ಲಾಸಲ್ಲಿ.

ನಾವು ಮೂವರು ಪ್ರೋಗ್ರಾಮಿಂಗ್ ಕಲೀತಿರೋರು. ಐದು ತಿಂಗಳು ಒಂದು ಆ್ಯಪಿನ ಕೆಂಪಕ್ಷರ ನೋಡಿದೆವು, ಈ ಇನ್ನೊಂದು ಪುಟ ತೆಗೆದು ನೋಡೋಣ ಅಂತ ಒಬ್ಬನಿಗೂ ಹೊಳೀಲಿಲ್ಲ.

ಮುಂದಿನ ವಾರ ಒಂದು ದಿನ ಕ್ಲಾಸು ಬಿಟ್ಟು ಅವನ ಜೊತೆ ಕೂಡ್ಲಿಗಿಗೆ ಹೋದೆವು. ಬ್ಯಾಂಕಲ್ಲಿ ಎರಡು ಕೌಂಟರ್, ಮೂರು ಫಾರಂ. ಕೌಂಟರಿನವರು ‘ಆಗ್ತದೆ ಹೋಗ್ರಿ’ ಅಂದರು, ಯಾವಾಗ ಅಂತ ಹೇಳಲಿಲ್ಲ. ಕೊಟ್ಟೂರು ಫಾರಂ ತುಂಬೋಕೆ ಕೂತ. ‘ಖಾತೆದಾರರ ಸಹಿ’ ಅನ್ನೋದನ್ನ ಅಕ್ಷರ ಕೂಡಿಸಿ ಓದುತ್ತಿದ್ದದ್ದು ನೋಡಿ ಪಕ್ಕದಲ್ಲಿದ್ದ ಒಬ್ಬ ಅಜ್ಜ ‘ಶಾಲಿಗೆ ಹೋಗಿಲ್ಲೇನೋ ತಮ್ಮಾ?’ ಅಂತ ಪಾಪ ಪ್ರೀತಿಯಿಂದಲೇ ಕೇಳಿದರು.

ಮಧ್ಯಾಹ್ನ ಅವನ ಮನೆಗೆ ಹೋದೆವು. ಅವ್ವ ಒಬ್ಬರೇ ಇದ್ದರು. ಅಪ್ಪ ಬೆಂಗಳೂರಲ್ಲಿ, ಗಾರೆ ಕೆಲಸ. ನಮ್ಮ ಕಡೆ ಇದೇನೂ ವಿಶೇಷ ಅಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಬೆಂಗಳೂರಿಗೋ ಕಾಫಿ ಎಸ್ಟೇಟಿಗೋ ಜನ ಹೊರಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತಲ್ಲ, ಆ ವರ್ಷ ಅವರ ಶೇಂಗಾ ಬೀಜದ ದುಡ್ಡೂ ಬರಲಿಲ್ಲವಂತೆ. ಮಗನ ಕಾಲೇಜು ಫೀಸಿಗೆ ಅವ್ವ ಮಹಿಳಾ ಸಂಘದಲ್ಲಿ ಸಾಲ ತೆಗೆದಿದ್ದರು. ಡಿಸೆಂಬರಿಂದ ಆ ಸಾಲದ ಕಂತು ಶುರು. ಡಿಸೆಂಬರಿಂದಲೇ ಕೂಡ್ಲಿಗಿ ಬಾಡಿಗೆ ನಿಲ್ಲಿಸಿದ್ದ. ನಾವು ಇದನ್ನ ಅವನಿಗೆ ಕೇಳಲಿಲ್ಲ, ಅವ್ವ ರೊಟ್ಟಿ ಬಡೀತಾ ಹೇಳಿದರು. ಅವನು ಎದ್ದು ನೀರು ತರೋಕೆ ಹೋದ.

ಮಗ ‘ರೂಮಲ್ಲೇ ಅದೀನಿ’ ಅಂತ ಹೇಳಿದ್ದನಂತೆ. ‘ನಾಕು ಮಂದಿ ಕೂಡಿ ಇರ್ತೀರಿ, ಬಾಡಿಗಿ ಮಾತ್ರ ತಪ್ಪಿಸಬ್ಯಾಡ್ರಪ್ಪಾ’ ಅಂದರು ಅವ್ವ. ನಾವು ಹೂಂ ಅಂದೆವು. ಬಾಯಲ್ಲಿ ರೊಟ್ಟಿ ಇತ್ತು.

ಆಮೇಲೆ ಬಾಡಿಗೆಯ ಇನ್ನೊಂದು ಕಥೆ ಹೇಳಿದರು. 2020ರಲ್ಲಿ ಇಡೀ ಮನೆ ಬೆಂಗಳೂರಲ್ಲಿತ್ತು. ಕೂಡ್ಲಿಗಿ ಅಲ್ಲೇ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಎಂಟನೇ ಕ್ಲಾಸು. ಲಾಕ್‌ಡೌನ್ ಆಯ್ತು, ಕೆಲಸ ನಿಂತಿತು, ಸಿಕ್ಕ ವಾಹನ ಹತ್ತಿ ಊರಿಗೆ ಬಂದರು. ಬೆಂಗಳೂರಿನ ರೂಮಿಗೆ ಬೀಗ. ‘ಮೂರು ತಿಂಗಳು ಬೀಗಕ್ಕ ಬಾಡಿಗಿ ಕಟ್ಟೀವಿ ನೋಡ್ರಿ. ಪಾತ್ರಿ ಪಗಡಿ, ಮಿಕ್ಸಿ, ಇವನ ಬುಕ್ಕು ಎಲ್ಲಾ ಒಳಗಿದ್ದವು. ಕಟ್ಟಲಿಲ್ಲ ಅಂದ್ರ ಹೊರಗ ಹಾಕ್ತಾರ.’ ಅಡ್ವಾನ್ಸಲ್ಲಿ ಮುರಿದುಕೊಳ್ಳಿ ಅಂದರೆ ಆ ಓನರ್ ಒಪ್ಪಲಿಲ್ಲವಂತೆ.

ಈ ಕಥೆ ಕೇಳಿ ಬಂದಮೇಲೆ ನಾವು ರಾತ್ರಿ ಕೂತು ಹುಡುಕಿದೆವು. ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದೇ ಒಂದು ಆದೇಶ ಹೊರಡಿಸಿತ್ತು. ವಲಸೆ ಬಂದವರೂ ಸೇರಿ ಕೂಲಿ ಕಾರ್ಮಿಕರಿಂದ ಮನೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆ ಖಾಲಿ ಮಾಡಿಸಿದರೆ ಕ್ರಮ ಆಗುತ್ತೆ ಅಂತ. ಅವ್ವನಿಗೆ ಫೋನಲ್ಲಿ ಹೇಳಿದೆವು. ‘ಹೌದಾ? ಅದು ಯಾರಿಗ ಬಂದಿತ್ತು?’ ಅಂದರು. ಅವರ ಮಾತಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಲೂ ಕೇಳಿದರು.

ಅದೇ ದಿನ ದೆಹಲಿಯ ಮುಖ್ಯಮಂತ್ರಿ, ಬಡತನದಿಂದ ಬಾಡಿಗೆ ಕಟ್ಟೋಕೆ ಆಗದವರ ಬಾಡಿಗೆ ಸರ್ಕಾರ ಕಟ್ಟುತ್ತೆ ಅಂತ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರು. ದುಡ್ಡು ಬರಲಿಲ್ಲ. ಕೆಲವು ಬಾಡಿಗೆದಾರರು ಕೋರ್ಟಿಗೆ ಹೋದರು. 2021ರ ಜುಲೈ 22ರಂದು ದೆಹಲಿ ಹೈಕೋರ್ಟ್, ಮುಖ್ಯಮಂತ್ರಿ ಕೊಟ್ಟ ಮಾತಿಗೆ ಬೆಲೆ ಇದೆ, ಅದರ ಬಗ್ಗೆ ಸರ್ಕಾರ ತೀರ್ಮಾನ ಮಾಡಲೇಬೇಕು ಅಂದಿತು. ನಾವು ಓದುತ್ತಾ ಖುಷಿಯಾಗಿ ಕೆಳಗಿಳಿದರೆ, ಸೆಪ್ಟೆಂಬರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತ್ತು. ಬ್ರಿಟನ್ನಿನಲ್ಲಿ 2001ರಲ್ಲೇ ‘ಡಿಸ್ಕ್ರಿಷನರಿ ಹೌಸಿಂಗ್ ಪೇಮೆಂಟ್’ ಅಂತ ಶುರು ಮಾಡಿದ್ದರು. ಮಾಮೂಲಿ ಬಾಡಿಗೆ ಭತ್ಯೆ ಸಾಲದೇ ಹೋದರೆ ಊರಿನ ಕೌನ್ಸಿಲ್‌ಗೆ ಅರ್ಜಿ ಹಾಕೋದು, ಅವರು ಆದಾಯ ಖರ್ಚು ನೋಡಿ ಉಳಿದ ಬಾಡಿಗೆಗೆ ಮೇಲಿಂದ ಸ್ವಲ್ಪ ಹಾಕೋದು. ಅದೂ ಹಕ್ಕಲ್ಲ, ಕೌನ್ಸಿಲ್ ಹತ್ತಿರ ದುಡ್ಡಿದ್ದರೆ ಉಂಟು. ಆದರೂ ‘ಈ ತಿಂಗಳು ಕಡಿಮೆ ಬಿದ್ದಿದೆ’ ಅಂತ ಹೋಗಿ ಹೇಳೋಕೆ ಒಂದು ಕೌಂಟರ್ ಇದೆ ಅನ್ನೋದೇ ನಮಗೆ ವಿಚಿತ್ರ ಅನ್ನಿಸಿತು. ಕೂಡ್ಲಿಗಿಗೆ ಅಂಥ ಕೌಂಟರ್ ಅಂದರೆ ನಾವು ಮೂವರೇ ಇದ್ದದ್ದು. ನಾವು ಬಟನ್ ಒತ್ತುತ್ತಿದ್ದೆವು.

ನಮ್ಮಲ್ಲಿ ಬಾಡಿಗೆಗೆ ಸಹಾಯವೇ ಇಲ್ಲ ಅಂತಲ್ಲ. ಸರ್ಕಾರಿ ನೌಕರರಿಗೆ ಸಂಬಳದ ಜೊತೆ ಮನೆ ಬಾಡಿಗೆ ಭತ್ಯೆ ಇದೆ. ಅದು ಇಲ್ಲದವರು ಹಳೇ ತೆರಿಗೆ ಪದ್ಧತಿಯಲ್ಲಿ ತಿಂಗಳಿಗೆ 5,000ದವರೆಗೆ ಕಳೆದುಕೊಳ್ಳಬಹುದು. ಆದರೆ ಕಳೆದುಕೊಳ್ಳೋಕೆ ಮೊದಲು ತೆರಿಗೆ ಕಟ್ಟುವಷ್ಟು ಸಂಬಳ ಇರಬೇಕು. ಪಿಜಿಗಳ ಬಾಡಿಗೆ ಮೇಲೆ 12% ಜಿಎಸ್‌ಟಿ ಅಂತ 2023ರಲ್ಲಿ ಬೆಂಗಳೂರಲ್ಲಿ ಒಂದು ತೀರ್ಪು ಬಂದು ಗಲಾಟೆ ಆಗಿತ್ತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ತಿಂಗಳಿಗೆ 20,000ದೊಳಗಿದ್ದು ಕನಿಷ್ಠ 90 ದಿನ ಇದ್ದರೆ ತೆರಿಗೆ ಬೇಡ ಅಂತ ಶಿಫಾರಸು ಮಾಡಿತು. ಪಿಜಿಯಲ್ಲಿರೋ ನಮ್ಮ ಕ್ಲಾಸ್‌ಮೇಟ್ಸ್, ಬಿಲ್ಲಲ್ಲಿ ಜಿಎಸ್‌ಟಿ ಹಾಕಿದ್ದರೆ ಒಮ್ಮೆ ಕೇಳಿ ನೋಡಿ. ಆಶ್ರಯ, ಬಸವ ವಸತಿ ಅಂತ ಸರ್ಕಾರದ ದೊಡ್ಡ ಯೋಜನೆಗಳೆಲ್ಲ ಸ್ವಂತ ಮನೆ ಕಟ್ಟಿಸಿಕೊಡೋದು. ಮನೆ ಇಲ್ಲದವನಿಗೆ ಮನೆ ಕೊಡಬೇಕು ಅಂತ ಎಲ್ಲರಿಗೂ ಹೊಳೆಯುತ್ತೆ. ಮನೆ ಸಿಗೋ ತನಕ ಅವನು ಎಲ್ಲೋ ಬಾಡಿಗೆಗೆ ಇರುತ್ತಾನೆ ಅಂತ ಅಷ್ಟು ಬೇಗ ಹೊಳೆಯಲ್ಲ ಅಂತ ಕಾಣುತ್ತೆ.

ದುಡ್ಡು ಆಗಸ್ಟಲ್ಲಿ ಬಂತು. ಸೆಮಿಸ್ಟರ್ ಮುಗಿದು, ಎಕ್ಸಾಮ್ ಮುಗಿದು, ರಿಸಲ್ಟ್‌ಗೆ ಕಾಯುತ್ತಿದ್ದಾಗ. 15,000, ಒಂದೇ ಸಲ. ಕೂಡ್ಲಿಗಿ ಮೆಸೇಜ್ ತೋರಿಸಿದ. ನಾವು ಕುಣಿದೆವು. ಅವನು ಲೆಕ್ಕ ಹೇಳಿದ: ಸಂಘದ ಸಾಲಕ್ಕೆ 12,000, ಉಳಿದದ್ದು ಮುಂದಿನ ಸೆಮ್ಮಿಗೆ ಬುಕ್ಕು, ಡ್ರಾಯಿಂಗ್ ಸಾಮಾನು. ವಸತಿಗೆ ಅಂತ ಬಂದ ದುಡ್ಡಲ್ಲಿ ಒಂದು ರೂಪಾಯಿಯೂ ವಸತಿಗೆ ಹೋಗಲಿಲ್ಲ. ಆಡಿಟ್ ಮಾಡೋರು ಬಂದರೆ ಇದನ್ನ ದುರುಪಯೋಗ ಅಂತ ಬರೆಯಬಹುದು. ಆದರೆ ಬಾಡಿಗೆ ಕಟ್ಟೋ ತಿಂಗಳುಗಳು ಆಗಲೇ ಮುಗಿದಿದ್ದವು, ಅವನ್ನ ಅವನು ತನ್ನ ಅಡ್ವಾನ್ಸಲ್ಲಿ ತೀರಿಸಿಬಿಟ್ಟಿದ್ದ.

ನಾವು ಮೂವರು ನಮ್ಮ 2,500ಗಳನ್ನ ವಾಪಸ್ ಕೊಡೋಕೆ ನೋಡಿದೆವು. ಒಂದು ಕವರಲ್ಲಿ ಹಾಕಿ ಕೊಟ್ಟೆವು. ಅವನಿಗೆ ಸಿಟ್ಟು ಬಂತು. ಅಷ್ಟು ಸಿಟ್ಟು ನಾವು ನೋಡಿರಲಿಲ್ಲ. ‘ತಗೊಳ್ಳೋವಾಗ ತಗೊಂಡ್ರಿ, ಈಗ ದಾನ ಮಾಡಾಕ ಬಂದೀರೇನ್ರಲೇ?’ ಎರಡು ವಾರ ಮಾತಾಡಲಿಲ್ಲ. ಇದಕ್ಕೆ ಏನು ಉತ್ತರ ಕೊಡಬೇಕು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಸೆಪ್ಟೆಂಬರಲ್ಲಿ ಆ ಬಿಲ್ಡಿಂಗಿಗೆ ಟೈಲ್ಸ್ ಹಾಕೋಕೆ ಶುರು ಮಾಡಿದರು. ಕಾಯೋಕೆ ಕಬ್ಬಿಣ ಉಳಿದಿರಲಿಲ್ಲ. ಶೆಡ್ಡು ಬಿಚ್ಚಿದರು. ಆ ದಿನ ಹಗರಿಬೊಮ್ಮನಹಳ್ಳಿಯೇ, ಈ ಜಗಳದಲ್ಲಿ ಎಲ್ಲೂ ಇಲ್ಲದವನು, ಸೈಟಿಗೆ ಹೋಗಿ ಅವನ ಟ್ರಂಕು ಎತ್ತಿಕೊಂಡು ಬಂದ. ‘ನನ್ನ ಚಾಪೆ ಅಗಲ ಐತಿ’ ಅಂದ, ಅಷ್ಟೇ. ಐದು ಜನ ಆದೆವು. 6,000ವನ್ನ ಐದರಿಂದ ಭಾಗಿಸಿದರೆ 1,200. ಆ್ಯಪ್ ತೆಗೆದುಹಾಕಿದ್ದೀವಿ. ಅಡುಗೆಮನೆ ಗೂಡಲ್ಲಿ ಒಂದು ಹಾರ್ಲಿಕ್ಸ್ ಡಬ್ಬಿ ಇದೆ, ಒಂದನೇ ತಾರೀಕಿಗೆ ಅದರಲ್ಲಿ ಹಾಕೋದು, ಐದಕ್ಕೆ ಎಣಿಸೋದು. ಯಾರು ಎಷ್ಟು ಹಾಕಿದರು ಅಂತ ಗೊತ್ತಾಗಲ್ಲ. ಅಕ್ಟೋಬರಲ್ಲಿ 400 ಕಡಿಮೆ ಬಿತ್ತು, ಮತ್ತೆ ಒಂದು ಸುತ್ತು ಡಬ್ಬಿ ತಿರುಗಿಸಿದೆವು, 150 ಜಾಸ್ತಿ ಆಯ್ತು. ಹಡಗಲಿಗೆ ಈ ಪದ್ಧತಿ ಇನ್ನೂ ಹಿಡಿಸಿಲ್ಲ. ಲೆಕ್ಕ ಇಲ್ಲದಿದ್ದರೆ ಮುಂದೆ ಜಗಳ ಆಗುತ್ತೆ ಅಂತಾನೆ. ಆಗಬಹುದು.

ಅಜ್ಜಿಗೆ ನಾವು ಹೇಳಿರಲಿಲ್ಲ. ನಾಲ್ಕು ಜನ ಅಂತ ಮಾತಾಗಿತ್ತಲ್ಲ. ಮೊನ್ನೆ ಬಾಡಿಗೆ ಕೊಡೋಕೆ ಕೆಳಗೆ ಹೋದಾಗ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡು, ಮೆಟ್ಟಿಲ ಕಡೆ ನೋಡಿ, ‘ಏನ್ರಪ್ಪಾ, ಐದು ಜೊತೆ ಚಪ್ಪಲಿ ಕಾಣ್ತವು’ ಅಂದರು. ನಾವು ನೆಂಟರು ಬಂದಿದ್ದಾರೆ ಅಂತ ಶುರು ಮಾಡುವಷ್ಟರಲ್ಲಿ ‘ಆ ನೆಂಟ ಹೋದ ವರ್ಷಾನೂ ಇದ್ದ, ನಡುವೆ ಸೊರಗಿ ಬಂದಾನೆ. ನೀರಿಗೆ ತಿಂಗಳಿಗೆ ಮುನ್ನೂರು ಜಾಸ್ತಿ ಕೊಡ್ರಿ’ ಅಂದರು. ನಾವು ಇನ್ನೂರಕ್ಕೆ ಒಪ್ಪಿಸೋಕೆ ನೋಡಿದೆವು. ಇನ್ನೂರೈವತ್ತಕ್ಕೆ ಬಂದು ನಿಂತಿದೆ.